ಕೆಂಡದ ಕಡೆ ಕಬ್ಬಿಣ, ಕೈಯ ಕಡೆ ಹಿತ್ತಾಳೆ

ಫ್ರಾನ್ಸಿನ ಹಳೇ ಮನೆಗಳಲ್ಲಿ ಚಳಿ ಕಾಯಿಸಲು ಗೋಡೆಯೊಳಗೇ ಕಟ್ಟಿದ ಅಗ್ಗಿಷ್ಟಿಕೆ ಇರುತ್ತಿತ್ತು. ಅದರ ಪಕ್ಕದ ಸ್ಟ್ಯಾಂಡಿನಲ್ಲಿ ನಾಲ್ಕು ಸಾಮಾನು: ಕೊಳ್ಳಿ ಕೆದಕುವ ಸಲಾಕೆ, ಕೆಂಡ ಹಿಡಿಯುವ ಇಕ್ಕಳ, ಬೂದಿ ಎತ್ತುವ ಸಲಿಕೆ, ಗುಡಿಸುವ ಬ್ರಷ್. ಜೊತೆಗೆ ಗಾಳಿ ಊದಲು ಪುಟ್ಟ ತಿದಿ. ಹಿಡಿಗಳಿಗೆ ಹೂಬಳ್ಳಿಯ ಹಿತ್ತಾಳೆ ಕೆಲಸ. ಇವತ್ತು ಇವು ಆಂಟಿಕ್ ಅಂಗಡಿಯ ಸರಕು.

ನಮ್ಮ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಮನೆಗಳಿಗೆ ಅಂಥ ಅಗ್ಗಿಷ್ಟಿಕೆ ಬೇಕಿರಲಿಲ್ಲ. ಆದರೆ ಅಡುಗೆ ಒಲೆ ಇತ್ತು. ಒಲೆ ಮುಂದೆ ಇದೇ ಕೆಲಸಕ್ಕೆ ಇಕ್ಕಳ, ಊದುಗೊಳವೆ ಇದ್ದವು. ಅಲ್ಲಿಯ ಸಾಮಾನು, ಇಲ್ಲಿಯ ಸಾಮಾನು ಎರಡನ್ನೂ ಇವತ್ತು ಒಂದೇ ಪಾಠವಾಗಿ ಓದೋಣ.

ಮೊದಲ ಪ್ರಶ್ನೆ: ಹಿಡಿ ಹಿತ್ತಾಳೆಯದು, ಸರಿ. ತುದಿ ಯಾಕೆ ಕಬ್ಬಿಣದ್ದು? ಹಿತ್ತಾಳೆ ಸುಮಾರು 900ರಿಂದ 950 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತೆ, ಅದಕ್ಕೂ ಮುಂಚೆಯೇ ಮೆತ್ತಗಾಗುತ್ತೆ. ಚೆನ್ನಾಗಿ ಗಾಳಿ ಊದಿದ ಇದ್ದಿಲ ಕೆಂಡ 1000 ಡಿಗ್ರಿ ದಾಟಬಲ್ಲದು. ಕಬ್ಬಿಣ ಕರಗೋದು 1538ಕ್ಕೆ. ಹಾಗಾಗಿ ಕೆಂಡ ಮುಟ್ಟುವ ಕಡೆ ಕಬ್ಬಿಣವೇ ಬೇಕು.

ಎರಡನೇ ಪ್ರಶ್ನೆ: ಹಿತ್ತಾಳೆ ಉಕ್ಕಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಚೆನ್ನಾಗಿ ಶಾಖ ಸಾಗಿಸುತ್ತೆ. ಹಾಗಿದ್ರೆ ಕೈ ಸುಡಬೇಕಲ್ವಾ? ಸುಡಲ್ಲ. ನಡುವಿನ ಉದ್ದನೆಯ ತೆಳು ಸರಳು ಹೀಟ್ ಟ್ರಾನ್ಸ್‌ಫರ್ ಕ್ಲಾಸಿನ ಫಿನ್ ಥರ ಕೆಲಸ ಮಾಡುತ್ತೆ. ಶಾಖ ಹಿಡಿಗೆ ಬರುವಷ್ಟರಲ್ಲಿ ಬಹುಪಾಲು ಗಾಳಿಗೆ ಹೋಗಿರುತ್ತೆ. ಕೈ ಕಾಯುವುದು ಆ ಉದ್ದ. ಹಿತ್ತಾಳೆ ಇರೋದು ತುಕ್ಕು ಹಿಡಿಯದಿರಲಿ, ಸುಲಭವಾಗಿ ಎರಕ ಹೊಯ್ಯಲಿ, ಚೆಂದ ಕಾಣಲಿ ಅಂತ.

ಈಗ ಊದುಗೊಳವೆ. ನಾವು ಬಿಡುವ ಉಸಿರಿನಲ್ಲಿ ಆಮ್ಲಜನಕ ಸುಮಾರು 16% ಮಾತ್ರ. ಹೊರಗಿನ ಗಾಳಿಯಲ್ಲಿ 21%. ಆದರೂ ಊದಿದರೆ ಕೆಂಡ ಕೆಂಪಾಗುತ್ತೆ. ಕಾರಣ ವೇಗ. ಸಣ್ಣ ಬಾಯಿಂದ ರಭಸವಾಗಿ ಬಂದ ಉಸಿರು ಕೆಂಡದ ಮೇಲಿನ ಬೂದಿ ಹಾರಿಸುತ್ತೆ, ಸುತ್ತಲಿನ ತಾಜಾ ಗಾಳಿಯನ್ನೂ ಜೊತೆಗೆ ಎಳೆದುಕೊಂಡು ಹೋಗುತ್ತೆ.

ಊದುಗೊಳವೆಯ ದೊಡ್ಡಣ್ಣ ತಿದಿ. ನಮ್ಮ ಸೀಮೆಯಲ್ಲಿ ಅದು ಉಕ್ಕನ್ನೇ ಮಾಡಿತ್ತು. 1800ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕನನ್, ಮಧುಗಿರಿ, ಚನ್ನರಾಯನದುರ್ಗದ ಕಡೆಯ ಕಬ್ಬಿಣ, ಉಕ್ಕಿನ ಕೆಲಸವನ್ನು ವಿವರವಾಗಿ ಬರೆದಿಟ್ಟ. ಆ ಪುಸ್ತಕ 1807ರಲ್ಲಿ ಅಚ್ಚಾಯಿತು. ಹಳ್ಳದ ಕಪ್ಪು ಮರಳಿಂದ ಕಬ್ಬಿಣ ತೆಗೆದು, ಅದರ ತುಂಡನ್ನು ಆವರಿಕೆ ಕಡ್ಡಿ, ಹಸಿ ಎಲೆಯ ಜೊತೆ ಮಣ್ಣಿನ ಮೂಸೆಯಲ್ಲಿ ಮುಚ್ಚಿ, ಇದ್ದಿಲ ಬೆಂಕಿಗಿಟ್ಟು ತಿದಿ ಒತ್ತುತ್ತಿದ್ದರು. ಕಡ್ಡಿ, ಎಲೆಯ ಇಂಗಾಲ ಸೇರಿ ಕಬ್ಬಿಣ ಉಕ್ಕಾಗುತ್ತಿತ್ತು. ರಸ್ತೆ ಬದಿ ಹಳದಿ ಹೂ ಬಿಡುತ್ತಲ್ಲ, ಅದೇ ಆವರಿಕೆ.

ಹಿತ್ತಾಳೆ ಪಾಲಿಶ್ ಕೂಡ ಇಲ್ಲಿಯದೇ: ಹುಣಸೆಹಣ್ಣು, ಒಲೆ ಬೂದಿ. ಹುಣಸೆಯ ಟಾರ್ಟಾರಿಕ್ ಆಮ್ಲ ಮೇಲಿನ ಕಪ್ಪನ್ನು ಕರಗಿಸುತ್ತೆ, ನುಣ್ಣನೆಯ ಬೂದಿ ಉಜ್ಜಿ ಹೊಳಪು ಕೊಡುತ್ತೆ.

ಗ್ಯಾಸ್ ಬಂತು, ಹೊಗೆ ಹೋಯ್ತು. ಹೊಗೆ ಕುಡಿದು ಕೆಮ್ಮಿದವರು ನಮ್ಮ ಅಮ್ಮ, ಅಜ್ಜಿಯರು. ಆ ಒಲೆ ವಾಪಸ್ ಬರಲಿ ಅಂತ ನಾವು ಖಂಡಿತ ಹೇಳಲ್ಲ. ಆದರೆ ಫ್ರಾನ್ಸಿನ ಇಕ್ಕಳ ಆಂಟಿಕ್ ಆಗಿ ಉಳಿದರೆ, ನಮ್ಮದು ತೂಕಕ್ಕೆ ಗುಜರಿ ಸೇರುತ್ತಿದೆ. ಅದರ ಜೊತೆ ಅದರ ಅಳತೆ, ಹೆಸರು ಎರಡೂ ಹೋಗುತ್ತವೆ.

ಈ ರಜೆಗೆ ಊರಿಗೆ ಹೋದಾಗ ಅಟ್ಟ ಹುಡುಕಿ. ಮ್ಯಾಗ್ನೆಟ್ ಹಿಡಿದು ನೋಡಿ: ಅಂಟಿದರೆ ಒಳಗೆ ಕಬ್ಬಿಣವಿದೆ, ಹೊಳೆಯೋದು ಮೇಲಿನ ಲೇಪ ಮಾತ್ರ. ಉದ್ದ, ಬಾಯಿಯ ವ್ಯಾಸ, ತೂಕ ಬರೆದುಕೊಂಡು ಒಂದು ಡ್ರಾಯಿಂಗ್ ಹಾಕಿ. ಆಮೇಲೆ ಅಜ್ಜಿಯನ್ನು ಕೇಳಿ, ಇದನ್ನ ಏನಂತ ಕರೀತಿದ್ರಿ ಅಂತ. ಆ ಹೆಸರನ್ನೂ ಡ್ರಾಯಿಂಗಿನ ಮೇಲೆ ಬರೆಯಿರಿ.