ಗುಂಡಿ, ಗಿಡ, ಉದ್ಯಾನ: ಪಂಚಾಯ್ತಿಯಲ್ಲಿ ಠರಾವು ಮಾಡಿಸುವ ಬಗೆ

ಬಾಗಲಕೋಟೆ ಜಿಲ್ಲೆಯ ಚಿಮ್ಮಡ ಕಬ್ಬಿನ ಸೀಮೆಯ ಊರು. ಮೊದಲು ಜಮಖಂಡಿ ತಾಲೂಕು, ಈಗ ರಬಕವಿ-ಬನಹಟ್ಟಿ. ಕಟಾವು ಮುಗಿದ ಹೊಲದಲ್ಲಿ ರವದಿಗೆ (ಕಬ್ಬಿನ ಒಣ ಸೋಗೆಗೆ) ಬೆಂಕಿ ಬೀಳುತ್ತದೆ. ಊರೊಳಗೆ ಬೇವಿನೆಲೆ, ದೀಪಾವಳಿಯ ಬಾಳೆಕಂಬ, ಗುಡಿಯ ಹೂ-ಪತ್ರಿ ಎಲ್ಲ ಗಟಾರದ ದಂಡೆ ಸೇರುತ್ತವೆ. ಇದಕ್ಕೊಂದು ದಾರಿಯಾಗಬೇಕು, ರಸ್ತೆ ಬದಿ ನಾಲ್ಕು ಗಿಡ ಬೇಕು, ಮುದುಕರೂ ಮಕ್ಕಳೂ ಕೂಡಲು ನೆರಳಿರುವ ಒಂದು ಜಾಗ ಬೇಕು ಎಂದು ಕಟ್ಟೆಯ ಮೇಲೆ ಮಾತಾಡದವರಿಲ್ಲ. ಆ ಮಾತು ಪಂಚಾಯ್ತಿಯ ನಡಾವಳಿ ಪುಸ್ತಕಕ್ಕೆ ಠರಾವಾಗಿ (ನಿರ್ಣಯವಾಗಿ) ಏರುವ ತನಕ ಒಂದು ಬುಟ್ಟಿ ಮಣ್ಣೂ ಅಲುಗದು. ಏರಿಸುವುದು ಹೇಗೆಂದು ಈವರೆಗೆ ಒಂದು ಗ್ರಾಮಸಭೆಗೂ ಹೋಗದವರಿಗಾಗಿ ಬರೆದಿದ್ದೇನೆ.

ಹಂತ 1: ಜಾಗ ಯಾರದು, ಗಿಡ ಯಾರದು

ಅರ್ಜಿ ಬರೆಯುವ ಮೊದಲು ಉತಾರ (ಪಹಣಿ) ತೆಗೆಸಿ. ಸರ್ವೆ ನಂಬರ್ ಗೊತ್ತಿದ್ದರೆ ಭೂಮಿ ಜಾಲತಾಣದಲ್ಲೇ ಸಿಗುತ್ತದೆ. ಇಲ್ಲವಾದರೆ ತಲಾಟಿಯವರನ್ನು ಕೇಳಿ (ಹುದ್ದೆಯ ಹೆಸರು ಈಗ ಗ್ರಾಮ ಆಡಳಿತ ಅಧಿಕಾರಿ). ಜಾಗ ಗಾಂವಠಾಣದ (ಊರಿನ ವಸತಿ ಪ್ರದೇಶದ) ಒಳಗಿದ್ದು ಪಂಚಾಯ್ತಿಯ ಹೆಸರಲ್ಲಿದ್ದರೆ ಅರ್ಧ ಕೆಲಸ ಹಗುರಾಯಿತು. ದನ ಮೇಯುವ ಗಾಯರಾಣವಾದರೆ ಅದು ಕಂದಾಯ ಇಲಾಖೆಯ ಸುಪರ್ದಿ. 1964ರ ಕರ್ನಾಟಕ ಭೂ ಕಂದಾಯ ಕಾಯ್ದೆಯ 71ನೇ ಕಲಂ ಪ್ರಕಾರ ಜಿಲ್ಲಾಧಿಕಾರಿ ಅದನ್ನು ಸಾರ್ವಜನಿಕ ಉದ್ದೇಶಕ್ಕೆ ಕಾಯ್ದಿರಿಸಬೇಕು. ಪಂಚಾಯ್ತಿ ಠರಾವು ಮಾಡಿ ತಹಶೀಲ್ದಾರರ ಮೂಲಕ ಬೇಡಿಕೆ ಕಳಿಸಬಹುದು, ತಾನೇ ಬೇಲಿ ಹಾಕಿಕೊಳ್ಳುವಂತಿಲ್ಲ. ದನ ಮೇಯುವ ಜಾಗವನ್ನು ಉದ್ಯಾನ ಮಾಡಲು ಹೊರಟರೆ ದನ ಇದ್ದವರು ಸುಮ್ಮನಿರುವುದಿಲ್ಲ ಎಂಬುದನ್ನೂ ನೆನಪಿಡಿ. ಅವರ ತಕರಾರು ನ್ಯಾಯವಾದದ್ದೇ.

ರಸ್ತೆ ಬದಿಯ ಗಿಡಕ್ಕೂ ಇದೇ ವಿಚಾರಣೆ ಬೇಕು. ಓಣಿಯ ರಸ್ತೆ ಪಂಚಾಯ್ತಿಯದು. ಊರಿಂದ ಊರಿಗೆ ಹೋಗುವ ದೊಡ್ಡ ರಸ್ತೆ ಲೋಕೋಪಯೋಗಿ ಇಲಾಖೆಯದೋ ಜಿಲ್ಲಾ ಪಂಚಾಯ್ತಿಯದೋ ಇರಬಹುದು. ಅಲ್ಲಿ ನೆಡಲು ಅವರ ಒಪ್ಪಿಗೆ ಬೇಕು. ಇಲ್ಲದಿದ್ದರೆ ರಸ್ತೆ ಅಗಲ ಮಾಡುವಾಗ ಮೊದಲು ಹೋಗುವುದು ನಿಮ್ಮ ಗಿಡವೇ.

ಹಂತ 2: ಬೇಡಿಕೆಯನ್ನು ಚಿಕ್ಕದು ಮಾಡಿ

‘ಊರನ್ನು ಹಸಿರು ಮಾಡಬೇಕು’ ಎಂದು ಬರೆದರೆ ಯಾವ ಎಂಜಿನಿಯರೂ ಅಂದಾಜು ಪತ್ರಿಕೆ ತಯಾರಿಸಲಾರ. ಹೀಗೆ ಬರೆಯಿರಿ: ‘ನಮ್ಮ ವಾರ್ಡಿನ ಶಾಲೆಯ ಹಿಂದಿನ ಪಂಚಾಯ್ತಿ ಜಾಗದಲ್ಲಿ 10 ಅಡಿ ಉದ್ದ, 6 ಅಡಿ ಅಗಲ, 3 ಅಡಿ ಎತ್ತರದ 2 ನಾಡೆಪ್ ತೊಟ್ಟಿ ಕಟ್ಟಿಸಬೇಕು. ಹಸಿರು ಕಸವನ್ನು ವಾರಕ್ಕೊಮ್ಮೆ ಬೇರೆಯಾಗಿ ಒಯ್ಯಬೇಕು.’ (ನಾಡೆಪ್ ಎಂದರೆ ಹಸಿರು ಕಸ ಗೊಬ್ಬರವಾಗುವ ಇಟ್ಟಿಗೆಯ ತೊಟ್ಟಿ; ಗುಂಡಿ ಎಂದದ್ದೂ ಇದನ್ನೇ. ವಿವರ ಹಂತ 4ರಲ್ಲಿದೆ.) ಒಂದು ಅರ್ಜಿಗೆ ಒಂದೇ ಕೆಲಸ ಇರಲಿ. ಗುಂಡಿ, ಗಿಡ, ಉದ್ಯಾನ ಮೂರಕ್ಕೂ ದುಡ್ಡು ಬರುವ ಬಾಬತ್ತು ಬೇರೆ ಬೇರೆ. ಒಂದೇ ಹಾಳೆಯಲ್ಲಿ ಕಟ್ಟಿದರೆ ಒಂದು ಅಡ್ಡಿಯಾಗಿ ಮೂರೂ ನಿಲ್ಲುತ್ತವೆ. ಓಣಿಯ ಹತ್ತಾರು ಜನರ ಸಹಿ, ಜಾಗದ ಫೋಟೊ, ಉತಾರದ ಪ್ರತಿ ಲಗತ್ತಿಸಿ.

ಹಂತ 3: ವಾರ್ಡ್ ಸಭೆ, ಆಮೇಲೆ ಗ್ರಾಮಸಭೆ

ಬಹಳ ಜನ ನೇರ ಗ್ರಾಮಸಭೆಗೆ ಹೋಗಿ ಜೋರು ಮಾಡುತ್ತಾರೆ. ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಕಾಯ್ದೆ, 1993ರಂತೆ ಬೇಡಿಕೆ ಮೊದಲು ಹುಟ್ಟಬೇಕಾದದ್ದು ವಾರ್ಡ್ ಸಭೆಯಲ್ಲಿ. ಅದು ಆರು ತಿಂಗಳಿಗೊಮ್ಮೆಯಾದರೂ ನಡೆಯಬೇಕು. ಕೋರಂ ಬಲು ಸಣ್ಣದು: ವಾರ್ಡಿನ ಮತದಾರರ ಶೇ. 10 ಅಥವಾ 20 ಜನ, ಯಾವುದು ಕಡಿಮೆಯೋ ಅಷ್ಟು. ಗ್ರಾಮಸಭೆಗೆ ಶೇ. 10 ಅಥವಾ 100 ಜನ. ಅಂದರೆ ಒಂದು ಓಣಿಯವರು ಮನಸ್ಸು ಮಾಡಿ ಎದ್ದು ಬಂದರೆ ಸಭೆ ಅವರದೇ. ಹೆಣ್ಣುಮಕ್ಕಳನ್ನು ಕರೆದುಕೊಂಡು ಹೋಗಿ. ಕಸ ಗುಡಿಸುವವರು ಅವರು, ಗಿಡಕ್ಕೆ ನೀರು ಹಾಕುವವರೂ ಅವರೇ. ಗುಂಡಿ ಎಲ್ಲಿರಬೇಕೆಂದು ಅವರಿಗೆ ಗೊತ್ತಿರುವಷ್ಟು ಸದಸ್ಯರಿಗೆ ಗೊತ್ತಿರುವುದಿಲ್ಲ.

ಸಭೆಯಲ್ಲಿ ಎದ್ದುನಿಂತು ಪಿಡಿಒ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ) ಅವರಿಗೆ, ‘ಪಿಡಿಒ ಸಾಹೇಬ್ರ, ಇದನ್ನ ಠರಾವಿನಾಗ ಬರಕೊಳ್ರಿ’ ಅನ್ನಿ. ‘ಆತ್ ಬಿಡ್ರಿ ಕಾಕಾ, ಮಾಡೂಣು’ ಎಂಬ ಉತ್ತರ ಬಂದರೆ ಕೂಡಬೇಡಿ. ಮಾಡೂಣು ಅಂದದ್ದು ಠರಾವಲ್ಲ. ವಿಷಯ, ಜಾಗ, ಅಳತೆ ಬರೆದು, ಓದಿ ಹೇಳಿಸಿ, ಆಮೇಲೆ ಸಹಿ ಮಾಡಿ. ಅರ್ಜಿಯ ಇನ್ನೊಂದು ಪ್ರತಿಗೆ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ.

ಕಾಲವೂ ಮುಖ್ಯ. ಮುಂದಿನ ಆರ್ಥಿಕ ವರ್ಷದ ಯೋಜನೆ ಹೆಣೆಯುವ ಕೆಲಸ ಅಕ್ಟೋಬರ್ 2, ಗಾಂಧಿ ಜಯಂತಿಯ ಹೊತ್ತಿಗೆ ಶುರುವಾಗುತ್ತದೆ. ಮೇ ತಿಂಗಳಲ್ಲಿ ಹೋಗಿ ಕೇಳಿದರೆ ಕ್ರಿಯಾ ಯೋಜನೆ ಆಗಲೇ ಮುಗಿದಿರುತ್ತದೆ. ಸದಸ್ಯರ ಅವಧಿ ಮುಗಿದು ಆಡಳಿತಾಧಿಕಾರಿ ಇದ್ದರೆ ಅರ್ಜಿ ಅವರಿಗೆ ಕೊಡಿ.

ಹಂತ 4: ಹಸಿರು ಕಸದಿಂದ ಶುರು ಮಾಡಿ

ಮೂರರಲ್ಲಿ ಯಾವುದು ಮೊದಲು ಎಂದರೆ ನನ್ನ ಮತ ಗುಂಡಿಗೆ. ಖರ್ಚು ಕಡಿಮೆ, ಫಲ ನಾಲ್ಕು ತಿಂಗಳಲ್ಲಿ ಕಣ್ಣಿಗೆ ಕಾಣುತ್ತದೆ, ಆ ಗೊಬ್ಬರವೇ ಮುಂದೆ ಗಿಡಕ್ಕೆ ಬರುತ್ತದೆ. ಕಸವನ್ನು ರಸ್ತೆಗೆ ಎಸೆಯಬಾರದು, ಸುಡಬಾರದು, ತೋಟದ ಕಸವನ್ನು ಬೇರೆಯಾಗಿ ಇಡಬೇಕು ಎಂದು ಘನತ್ಯಾಜ್ಯ ನಿಯಮಗಳಲ್ಲೇ ಹೇಳಿದೆ. ಪಂಚಾಯ್ತಿಯ ಸ್ವಚ್ಛ ವಾಹಿನಿ ಕಸದ ಗಾಡಿಯವರು ಟೊಂಗೆ, ಎಲೆ ತಗೊಳ್ಳದಿದ್ದರೆ ಅವರನ್ನು ಬೈದು ಫಲವಿಲ್ಲ. ಅದನ್ನು ಹಾಕಲು ಅವರಿಗೆ ಜಾಗವೇ ಇಲ್ಲ. ಆ ಜಾಗವೇ ತೊಟ್ಟಿ.

ನಾಡೆಪ್ ಪದ್ಧತಿ ಮಹಾರಾಷ್ಟ್ರದ ಯವತಮಾಳ ಜಿಲ್ಲೆಯ ಪುಸದದ ರೈತ ನಾರಾಯಣ ದೇವರಾವ್ ಪಾಂಢರಿಪಾಂಡೆ ಅವರದು, ಹೆಸರೂ ಅವರದೇ. ಇಟ್ಟಿಗೆ ಗೋಡೆಯಲ್ಲಿ ಗಾಳಿಯಾಡಲು ಕಿಂಡಿ ಬಿಡಬೇಕು. ತಳಕ್ಕೆ ಸಗಣಿ ನೀರು ಚಿಮುಕಿಸಿ, ಅರ್ಧ ಅಡಿ ಕಸ ಹಾಸಿ. ಅದರ ಮೇಲೆ ನಾಲ್ಕೈದು ಕಿಲೊ ಸಗಣಿ ಕದಡಿದ ನೀರು, ಅದರ ಮೇಲೆ ಐವತ್ತು-ಅರವತ್ತು ಕಿಲೊ ಮಣ್ಣು. ಹೀಗೆ ಪದರದ ಮೇಲೆ ಪದರ, ಗೋಡೆಗಿಂತ ಒಂದೂವರೆ ಅಡಿ ಮೇಲಕ್ಕೆ ಬರುವ ತನಕ. ಕೊನೆಗೆ ಮಣ್ಣು-ಸಗಣಿಯಿಂದ ಮೆತ್ತಿ ಮುಚ್ಚಿ. ಒಂದು ತೊಟ್ಟಿ ಸುಮಾರು 1,400 ಕಿಲೊ ಕಸ ನುಂಗುತ್ತದೆ. 90ರಿಂದ 120 ದಿನಕ್ಕೆ ಗೊಬ್ಬರ. ನಮ್ಮ ಕಡೆ ಒಂದು ಎಚ್ಚರ ಬೇಕು: ಒಣ ರವದಿ ಒಂದನ್ನೇ ತುಂಬಿದರೆ ಬೇಗ ಕೊಳೆಯದು. ಕತ್ತರಿಸಿ, ಹಸಿ ಎಲೆಯೊಂದಿಗೆ ಬೆರೆಸಿ, ಸಗಣಿ ನೀರು ಹೆಚ್ಚು ಕೊಡಿ. ಬಿರುಕು ಬಿಟ್ಟರೆ ಮತ್ತೆ ಮೆತ್ತಿ.

ಹೊಲದ ರವದಿಯನ್ನೆಲ್ಲ ಪಂಚಾಯ್ತಿಯ ತೊಟ್ಟಿ ಹಿಡಿಸದು. ಅದು ಹೊಲದಲ್ಲೇ, ಕೂಳೆ ಕಬ್ಬಿನ ಸಾಲಿನ ನಡುವೆ ಹೊದಿಕೆಯಾಗಿ ಉಳಿಯುವುದು ಒಳ್ಳೆಯದು.

ಹಂತ 5: ಗಿಡ ನೆಡುವುದು, ಕಡಿಯುವುದು

ಜೂನ್ 5ರ ಪರಿಸರ ದಿನದ ಫೋಟೊಕ್ಕೆ ನೆಟ್ಟ ಗಿಡ ಜುಲೈನಲ್ಲಿ ಒಣಗುವುದನ್ನು ಎಲ್ಲರೂ ಕಂಡಿದ್ದೇವೆ. ಬಾಗಲಕೋಟೆ ಜಿಲ್ಲೆಯ ವರ್ಷದ ಸರಾಸರಿ ಮಳೆ 600 ಮಿ.ಮೀ.ಗಿಂತ ಕಡಿಮೆ, ಅದರಲ್ಲೂ ದೊಡ್ಡ ಪಾಲು ಬೀಳುವುದು ಸೆಪ್ಟೆಂಬರ್-ಅಕ್ಟೋಬರಿನಲ್ಲಿ. ಗಿಡದ ಗುಂಡಿಯನ್ನು ಬೇಸಿಗೆಯಲ್ಲೇ ಎರಡಡಿ ಚೌಕ, ಎರಡಡಿ ಆಳ ತೋಡಿ ಬಿಸಿಲಿಗೆ ಬಿಡಿ. ಎರಿ ಮಣ್ಣು ಒಳಗೆ ತನಕ ತೊಯ್ದ ಮೇಲೆ ನೆಡಿ. ಬೇವು, ಹುಲಗಲ, ಹುಣಸೆ, ನೇರಳೆ, ಬನ್ನಿ ಈ ನೆಲಕ್ಕೆ ಹೊಂದಿದವು. ಬೇಗ ಬೆಳೆಯುತ್ತದೆಂದು ಕೊನೊಕಾರ್ಪಸ್ ತರುವವರಿದ್ದಾರೆ. ಗುಜರಾತ್ ಸರ್ಕಾರ 2023ರಲ್ಲಿ ಅದನ್ನು ನೆಡುವುದನ್ನೇ ನಿಷೇಧಿಸಿತು. ವಿದ್ಯುತ್ ತಂತಿಯ ಕೆಳಗೆ ದೊಡ್ಡ ಜಾತಿ ಬೇಡ, ಹೆಸ್ಕಾಂನವರು ವರ್ಷಾ ವರ್ಷಾ ತಲೆ ಕತ್ತರಿಸಲೇಬೇಕಾಗುತ್ತದೆ. ಕತ್ತರಿಸಿದ ಟೊಂಗೆಯನ್ನು ತೊಟ್ಟಿಗೆ ಒಯ್ಯುವ ಮಾತನ್ನೂ ಠರಾವಿನಲ್ಲೇ ಸೇರಿಸಿ.

ಠರಾವಿನಲ್ಲಿ ಎಲ್ಲರೂ ಬಿಡುವ ಒಂದು ಸಾಲಿದೆ: ಮಾರ್ಚಿನಿಂದ ಮೇ ತನಕ ನೀರು ಹಾಕುವವರು ಯಾರು? ಟ್ಯಾಂಕರಿನ ಬಾಡಿಗೆ ಯಾವ ಲೆಕ್ಕದಿಂದ? ಎರಡು ಬೇಸಿಗೆಗೆ ಉತ್ತರ ಬರೆಸದೆ ನೂರು ಗಿಡ ಕೇಳುವುದಕ್ಕಿಂತ ಉತ್ತರ ಬರೆಸಿ ಇಪ್ಪತ್ತು ಕೇಳುವುದು ವಾಸಿ. ಹುಲಿಕಲ್-ಕುದೂರು ರಸ್ತೆಯಲ್ಲಿ ಸಾಲುಮರದ ತಿಮ್ಮಕ್ಕ ಬೆಳೆಸಿದ 385 ಆಲದ ಮರಗಳ ಹಿಂದೆ ಇದ್ದದ್ದು ಹೊತ್ತು ತಂದ ಕೊಡದ ನೀರು ಮತ್ತು ದನಕ್ಕೆ ಅಡ್ಡಲಾಗಿ ಕಟ್ಟಿದ ಮುಳ್ಳಿನ ಬೇಲಿ.

ಕಡಿಯುವ ಮಾತು ಬಂದರೆ ಪಂಚಾಯ್ತಿಯ ಠರಾವು ಒಂದೇ ಸಾಲದು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ಅರಣ್ಯ ಇಲಾಖೆಯ ವೃಕ್ಷಾಧಿಕಾರಿಯ ಅನುಮತಿ ಬೇಕು. ನೀಲಗಿರಿ, ತೆಂಗಿನಂಥ ಕೆಲವು ಜಾತಿಗೆ ವಿನಾಯಿತಿ ಇದೆ. ಬೀಳುವ ಹಾಗಿರುವ ಹಳೆಯ ಮರವಿದ್ದರೆ ಮೊದಲು ಒಣ ಟೊಂಗೆ ತೆಗೆಸಿ ನೋಡಿ. ಬಹಳ ಸಲ ಅಷ್ಟೇ ಸಾಕಾಗುತ್ತದೆ.

ಹಂತ 6: ಉದ್ಯಾನ

ಕಾರಂಜಿ, ಲಾನ್, ಬಣ್ಣದ ಜಿಂಕೆ ಬೊಂಬೆ ಬೇಡ. ಲಾನಿಗೆ ದಿನವೂ ನೀರು ಬೇಕು, ಕಾರಂಜಿಯ ಮೋಟಾರು ಕೆಟ್ಟರೆ ಸೊಳ್ಳೆ ಸಾಕಿದ ಹಾಗೆ. ಸುತ್ತ ಬೇಲಿ, ನಾಲ್ಕು ಕಲ್ಲಿನ ಬೆಂಚು, ಒಂದು ನಳ, ಒಂದು ದೀಪ, ಮಕ್ಕಳಿಗೆ ಜೋಕಾಲಿ, ನಡುವೆ ಬೇವು. ಸಾಕು. ಬಾಗಿಲ ಕೀಲಿ ಯಾರ ಹತ್ತಿರ ಇರಬೇಕೆಂದು ಮೊದಲೇ ಬರೆಸಿ. ಸ್ವಸಹಾಯ ಸಂಘಕ್ಕೆ ಒಪ್ಪಿಸಿದರೆ ಉತ್ತಮ.

ಹಂತ 7: ಬೆನ್ನು ಬಿಡಬೇಡಿ

ಗ್ರಾಮಸಭೆ ಒಪ್ಪಿದ ಮೇಲೆ ವಿಷಯ ಪಂಚಾಯ್ತಿಯ ಸಾಮಾನ್ಯ ಸಭೆಗೆ, ಅಲ್ಲಿಂದ ಕ್ರಿಯಾ ಯೋಜನೆಗೆ ಹೋಗುತ್ತದೆ. ಕಸಕ್ಕೆ ಸ್ವಚ್ಛ ಭಾರತ ಅಥವಾ ಹಣಕಾಸು ಆಯೋಗದ ಅನುದಾನ, ಗುಂಡಿ ತೋಡಿ ಗಿಡ ನೆಡಲು ಉದ್ಯೋಗ ಖಾತರಿ ಎಂಬುದು ರೂಢಿಯ ದಾರಿ. ನಿಯಮಗಳು ಬದಲಾಗುತ್ತಿರುತ್ತವೆ, ಆ ವರ್ಷದ ಮಾರ್ಗಸೂಚಿಯನ್ನು ಪಿಡಿಒ ಅವರಲ್ಲಿ ಕೇಳಿ ನೋಡಿ. ತಿಂಗಳೆರಡಾದರೂ ಸುದ್ದಿಯಿಲ್ಲದಿದ್ದರೆ ಮಾಹಿತಿ ಹಕ್ಕಿನಡಿ 10 ರೂಪಾಯಿ ಶುಲ್ಕದೊಂದಿಗೆ ಠರಾವಿನ ಮತ್ತು ಕ್ರಿಯಾ ಯೋಜನೆಯ ಪ್ರತಿ ಕೇಳಿ. 30 ದಿನದೊಳಗೆ ಕೊಡಬೇಕು. ಯೋಜನೆಯಲ್ಲಿ ನಿಮ್ಮ ಕೆಲಸ ಇಲ್ಲದಿದ್ದರೆ ಮೊದಲು ಕೊಟ್ಟ ಬೇಡಿಕೆಯ ಅರ್ಜಿಯ ಮೇಲೆಯೇ ಹಳೆಯ ಠರಾವಿನ ನಂಬರ್ ಮತ್ತು ತಾರೀಖು ನಮೂದಿಸಿ, ಮುಂದಿನ ವಾರ್ಡ್ ಸಭೆಯಲ್ಲಿ ಮತ್ತೆ ಕೊಡಿ.