ಮೊದಲು ಮೀಟರ್, ಆಮೇಲೆ ಮುಂಗಡ

ಪ್ರಶ್ನೆ: ಕೋಲ್ಕತ್ತದ ಲೇಕ್ ಮಾರ್ಕೆಟ್ ಬಳಿ ನಮ್ಮದು ಹಳೇ ಕಾಲದ ಎರಡಂತಸ್ತಿನ ಮನೆ. ಬೇಸಿಗೆಯ ಕರೆಂಟ್ ಬಿಲ್ ಕಟ್ಟಿ ಸಾಕಾಗಿದೆ. ಸೋಲಾರ್, ತಾರಸಿಗೆ ಬಿಳಿ ಬಣ್ಣ ಎಲ್ಲಕ್ಕೂ ಸರ್ಕಾರದ ಹಣ ಬರುತ್ತದೆಂದು ಗುತ್ತಿಗೆದಾರರು ಮುಂಗಡ ಕೇಳುತ್ತಿದ್ದಾರೆ. ಮೀಟರ್ ತೀರಿಕೊಂಡ ನಮ್ಮ ಯಜಮಾನರ ಹೆಸರಿನಲ್ಲಿದೆ. ಮೈದುನನಿಗೂ ಮನೆಯಲ್ಲಿ ಪಾಲಿದೆ.

ಉತ್ತರ: ಸದ್ಯಕ್ಕೆ ಒಂದು ರೂಪಾಯಿಯನ್ನೂ ಕೊಡಬೇಡಿ. 2024ರಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯ ಸಹಾಯಧನ ಬಣ್ಣಕ್ಕಲ್ಲ, ಸೋಲಾರ್‌ಗೆ ಮಾತ್ರ: 1 ಕಿಲೋವ್ಯಾಟ್‌ಗೆ 30,000 ರೂಪಾಯಿ, 2ಕ್ಕೆ 60,000, 3 ಮತ್ತು ಮೇಲ್ಪಟ್ಟರೆ 78,000. ಪೂರ್ತಿ ಖರ್ಚು ಮೊದಲು ನೀವೇ ಹಾಕಬೇಕು, ಇಲ್ಲವೇ ಬ್ಯಾಂಕ್ ಸಾಲ ಮಾಡಬೇಕು. ನೆಟ್ ಮೀಟರ್ ಕೂತು ತಪಾಸಣೆ ಮುಗಿದ ಮೇಲೆ ಸಹಾಯಧನ ನಿಮ್ಮ ಖಾತೆಗೇ ಬರುತ್ತದೆ.

ಅರ್ಜಿಗೆ ಮೊದಲು, ಮರಣ ಪ್ರಮಾಣಪತ್ರ ಹಿಡಿದು ನಿಮ್ಮ ವಿದ್ಯುತ್ ಕಂಪನಿ ಸಿಇಎಸ್‌ಸಿಯ ಕಚೇರಿಯಲ್ಲಿ ಮೀಟರನ್ನು ನಿಮ್ಮ ಹೆಸರಿಗೆ ಮಾಡಿಸಿ. ಮೈದುನನ ಒಪ್ಪಿಗೆ ಬರಹದಲ್ಲಿರಲಿ. ಅವರು ತಕರಾರು ತೆಗೆದರೆ ವಕೀಲರನ್ನು ಕಾಣದೆ ಮುಂದುವರಿಯಬೇಡಿ. ಆಮೇಲೆ ಯೋಜನೆಯ ರಾಷ್ಟ್ರೀಯ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ, ಅಲ್ಲಿ ನೋಂದಾಯಿತರಾದವರಿಂದಲೇ ಕೆಲಸ ಮಾಡಿಸಿ. ಪ್ಯಾನೆಲ್ ಭಾರತದಲ್ಲೇ ತಯಾರಾದದ್ದಿರಬೇಕು, ಇಲ್ಲದಿದ್ದರೆ ಸಹಾಯಧನ ಸಿಗದು. ಸಂದೇಹವಿದ್ದರೆ ಯೋಜನೆಯ ಸಹಾಯವಾಣಿ 15555ಕ್ಕೆ ಕರೆ ಮಾಡಿ.

ನನಗೆ ಹೆಚ್ಚು ಚಿಂತೆ ನಿಮ್ಮ ತಾರಸಿಯದು. ಆ ಭಾಗದ ಎಷ್ಟೋ ಹಳೇ ಮನೆಗಳ ಚಾವಣಿ ಕಬ್ಬಿಣದ ತೊಲೆಗಳ ಮೇಲೆ ಸುಣ್ಣ, ಸುರ್ಕಿ (ಇಟ್ಟಿಗೆ ಪುಡಿ) ಹಾಕಿದ್ದು. ಕೆಳಗಿನಿಂದ ನೋಡಿ: ತೊಲೆಯ ತುಕ್ಕು ಪದರಪದರವಾಗಿ ಎದ್ದಿದ್ದರೆ, ಗಾರೆ ಉದುರುತ್ತಿದ್ದರೆ, ಸ್ಟ್ರಕ್ಚರಲ್ ಎಂಜಿನಿಯರ್ ಬಂದು ನೋಡುವವರೆಗೆ ಪ್ಯಾನೆಲ್ ಏರಿಸಬೇಡಿ. ಬೇಸಿಗೆಯ ಬಿರುಗಾಳಿ ಕಾಲ್‌ಬೈಶಾಖಿಯ ಎಳೆತವನ್ನೂ ಅವರು ಲೆಕ್ಕ ಹಾಕಬೇಕು. ಬಿಳಿ ಬಣ್ಣ ಮಾತ್ರ ಸ್ವಂತ ಖರ್ಚಿನಲ್ಲಾದರೂ ಈ ಬೇಸಿಗೆಗೆ ಮೊದಲೇ ಬಳಿಸಿ. ಮೇಲಂತಸ್ತಿನ ಸೆಕೆ ಖಂಡಿತ ಇಳಿಯುತ್ತದೆ.