ನೀರು ಮೊದಲು ನುಗ್ಗುವ ಮನೆ

ತಂಗೀ, ಕಾಲನಿಯ ವೆಲ್ಫೇರ್ ಅಸೋಸಿಯೇಷನ್ನಿಗೆ ನಿನ್ನನ್ನು ಕಾರ್ಯದರ್ಶಿಯಾಗಿ ಆರಿಸಿದ್ದಾರೆಂದು ಕೇಳಿ ಮನಸ್ಸು ತುಂಬಿ ಬಂತು. ಕಮಿಟಿಯಲ್ಲಿ ಈ ಸಲ ನಿನ್ನ ವಯಸ್ಸಿನವರೇ ಹೆಚ್ಚಂತೆ, ಅದೂ ಒಳ್ಳೆಯದೇ. ಹೈದರಾಬಾದಿನ ಕಾಲನಿಗಳಲ್ಲಿ ಈ ಕೆಲಸ ಬಹುಕಾಲ ರಿಟೈರಾದವರ ಪಾಲಿಗೇ ಬಿದ್ದಿತ್ತು. ನಮಗೆ ಬಿಡುವಿತ್ತು, ಸರ್ಕಾರಿ ಕಚೇರಿಗಳ ಒಳಹೊರಗು ಗೊತ್ತಿತ್ತು. ಆದರೆ ಮ್ಯಾನ್‌ಹೋಲ್ ಉಕ್ಕಿದ ರಾತ್ರಿ ಓಡಾಡುವ ಕಸುವು ಎಷ್ಟು ಜನರಲ್ಲಿ ಉಳಿದಿರುತ್ತದೆ? ಬೀದರಿನಿಂದ ಬಂದು ಈ ಊರಿನಲ್ಲೇ ಬಾಳಿ, ವರ್ಷಗಟ್ಟಲೆ ಇದೇ ಕೆಲಸ ಮಾಡಿದವನು ನಾನು. ನಿನಗೆ ಹೇಳಬೇಕಾದ ಮಾತು ಒಂದೇ. ಕಾಲನಿಯಲ್ಲಿ ಎಲ್ಲರಿಗಿಂತ ತಗ್ಗಿನಲ್ಲಿ ಇರುವವರು ಯಾರು, ಮಳೆ ಬಂದರೆ ನೀರು ಮೊದಲು ಯಾರ ಮನೆಗೆ ನುಗ್ಗುತ್ತದೆ, ಅದನ್ನು ಮೊದಲು ತಿಳಿದುಕೊ. ಉಳಿದದ್ದೆಲ್ಲ ಅಲ್ಲಿಂದ ಶುರುವಾಗಲಿ.

ಈ ಊರಿನ ಸುಧಾರಣೆಯ ಕಥೆ ಶುರುವಾದದ್ದೇ ನೀರಿನಿಂದ. 1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಊರಿನೊಳಗೆ ನುಗ್ಗಿತು. ಸಾವಿರಾರು ಜನ ಸತ್ತರು, ದಂಡೆಯ ಮೇಲಿನ ಬಸ್ತಿಗಳು ಗುರುತಿಲ್ಲದಂತೆ ಕೊಚ್ಚಿಹೋದವು. ಆಗ ನಿಜಾಮ ಸರ್ಕಾರ ಕರೆಸಿಕೊಂಡದ್ದು ನಮ್ಮ ವಿಶ್ವೇಶ್ವರಯ್ಯನವರನ್ನು. 1909ರಲ್ಲಿ ಬಂದ ಅವರು ಮೊದಲು ಮಾಡಿಸಿದ್ದು ಲೆಕ್ಕ. ಮೂಸಿಯ ಜಲಾನಯನದಲ್ಲಿ 788 ಕೆರೆಗಳಿದ್ದವು, ಆ ಮಳೆಗೆ 221 ಒಡೆದಿದ್ದವು. ಈ ಲೆಕ್ಕ ಕೈಗೆ ಸಿಕ್ಕ ಮೇಲೆಯೇ ಎರಡು ಜಲಾಶಯಗಳ ಮಾತು ಬಂದದ್ದು. ಉಸ್ಮಾನ್ ಸಾಗರ 1920ಕ್ಕೆ, ಹಿಮಾಯತ್ ಸಾಗರ 1927ಕ್ಕೆ ಮುಗಿದವು. ಜನ ಈ ಕಟ್ಟೆಗಳನ್ನು ನೆನೆಯುತ್ತಾರೆ. ವಿಶ್ವೇಶ್ವರಯ್ಯನವರು ಊರಿನ ಒಳಚರಂಡಿಗೂ ಯೋಜನೆ ಕೊಟ್ಟರೆಂಬುದನ್ನು ಮರೆಯುತ್ತಾರೆ. 1912ರಲ್ಲಿ ನಗರ ಸುಧಾರಣಾ ಮಂಡಳಿಯೇ ಹುಟ್ಟಿತು. ಉಸಿರು ಕಟ್ಟುವ ಗಲ್ಲಿಗಳಿದ್ದ ಕಡೆ ಅಗಲ ಬೀದಿ, ಗಾಳಿ ಬೆಳಕಿನ ಮನೆ ಕಟ್ಟಿಸುವುದು ಅದರ ಕೆಲಸ. ಅಷ್ಟು ದೊಡ್ಡ ಇಂಜಿನಿಯರು ಕೂಡ ಸಲಹೆ ಕೊಡುವ ಮುಂಚೆ ಎಣಿಸಿದರು, ತಂಗೀ. ನಿಮ್ಮ ಕಮಿಟಿಯೂ ಎಣಿಕೆಯಿಂದಲೇ ಶುರುಮಾಡಲಿ.

2020ರ ಅಕ್ಟೋಬರ್ 13 ನಿನಗೂ ನೆನಪಿರಬೇಕು. ಒಂದೇ ದಿನದಲ್ಲಿ ಆ ಪಾಟಿ ಮಳೆ. ಕೆಲವೇ ದಿನಗಳಲ್ಲಿ ಗುರ್ರಂ ಚೆರುವಿನ ಕಟ್ಟೆ ಒಡೆದು ಹಾಫಿಜ್ ಬಾಬಾ ನಗರ ಮುಳುಗಿತು. ಟೋಲಿಚೌಕಿಯ ನದೀಂ ಕಾಲನಿಯಲ್ಲಿ ಜನ ದೋಣಿಯಲ್ಲಿ ಓಡಾಡಿದರು. ನಮ್ಮ ಕಡೆ ಅಷ್ಟು ಅನಾಹುತ ಆಗಲಿಲ್ಲ, ಆದರೆ ಅಪಾರ್ಟ್‌ಮೆಂಟುಗಳ ಸೆಲ್ಲಾರುಗಳೆಲ್ಲ ತುಂಬಿದವು. ಮೇಲಿನ ಮಹಡಿಯವರು ತಮ್ಮ ಕಾರು ಹೋಯಿತೆಂದು ಸಂಕಟಪಟ್ಟರು, ಸಹಜವೇ. ಅಂಥದೇ ಒಂದು ಸೆಲ್ಲಾರಿನಲ್ಲಿ, ನೀರೆತ್ತುವ ಮೋಟಾರಿನ ಪಕ್ಕದ ಕೋಣೆಯಲ್ಲಿ ವಾಚ್‌ಮನ್ ಸಂಸಾರವಿತ್ತು. ಯಾದಗಿರಿ ಕಡೆಯವರು, ಮನೆಮಾತು ಕನ್ನಡ. ಬೆಳಿಗ್ಗೆ ನಾವು ಇಳಿದು ನೋಡಿದಾಗ ಹಾಸಿಗೆ, ಅಕ್ಕಿ ಡಬ್ಬಿ, ಮಗುವಿನ ಪುಸ್ತಕ ಎಲ್ಲ ಕೆಸರಿನಲ್ಲಿ ತೇಲುತ್ತಿದ್ದವು. ಆ ಹೆಣ್ಣುಮಗಳು ರೇಷನ್ ಕಾರ್ಡು, ಆಧಾರ್ ಕಾರ್ಡುಗಳನ್ನು ಹಾಲಿನ ಪಾಕೀಟಿನ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಫ್ಯಾನಿನ ಕೊಕ್ಕೆಗೆ ಕಟ್ಟಿದ್ದಳು. ಅದೊಂದು ಒದ್ದೆಯಾಗಿರಲಿಲ್ಲ. ನೀರು ಎಷ್ಟು ಎತ್ತರ ಬರಬಹುದೆಂದು ಅವಳಿಗೆ ಮೊದಲೇ ಗೊತ್ತಿತ್ತು, ಯಾಕೆಂದರೆ ಹಿಂದಿನ ಮಳೆಗಳಲ್ಲಿ ಮೊಣಕಾಲುದ್ದ ನೀರನ್ನು ಅವಳು ಕಂಡಿದ್ದಳು. ಅಸೋಸಿಯೇಷನ್ನಿನ ಯಾವ ಸಭೆಯಲ್ಲೂ ಅವಳನ್ನು ಕೇಳಿದವರಿರಲಿಲ್ಲ.

ಹಾಗಾಗಿ ಮೊದಲ ವರ್ಷದ ಮೊದಲ ಕೆಲಸ: ಮಳೆ ಸುರಿಯುವಾಗಲೇ ಕೊಡೆ ಹಿಡಿದು ಕಾಲನಿ ಸುತ್ತು. ನಿನ್ನ ಜೊತೆಯವರೂ ಬರಲಿ. ಯಾವ ಮೂಲೆಯಲ್ಲಿ ನೀರು ನಿಲ್ಲುತ್ತದೆ, ಯಾವ ಜಾಲರಿಗೆ ಪ್ಲಾಸ್ಟಿಕ್ ಕಟ್ಟಿಕೊಂಡಿದೆ, ಯಾರ ಗೇಟಿನ ಇಳಿಜಾರು ಚರಂಡಿಯನ್ನೇ ಮುಚ್ಚಿದೆ, ನಮ್ಮ ಕಾಲನಿಯ ನೀರು ಯಾವ ನಾಲಾಕ್ಕೆ ಸೇರುತ್ತದೆ, ಅದು ಮುಂದೆ ಯಾವ ಬಸ್ತಿಯ ಬಾಗಿಲಲ್ಲಿ ಹಾದುಹೋಗುತ್ತದೆ, ಎಲ್ಲವನ್ನೂ ಒಂದು ಹಾಳೆಯ ಮೇಲೆ ಬರೆದುಕೊಳ್ಳಿ. ಈಗ ಫೋನಿನಲ್ಲೇ ನಕ್ಷೆ ಬರುತ್ತದೆ, ಫೋಟೋಕ್ಕೆ ತಾರೀಕು ಬೀಳುತ್ತದೆ. ನಮಗೆ ಆ ಅನುಕೂಲ ಇರಲಿಲ್ಲ. ಈ ನಾಲಾ ಬಸ್ತಿಯ ಮಾತನ್ನು ಒತ್ತಿ ಹೇಳುತ್ತೇನೆ. ನಮ್ಮ ರಸ್ತೆಯ ನೀರು ಬೇಗ ಹರಿದುಹೋದರೆ ಸಾಕೆಂದು ದೊಡ್ಡ ಪೈಪು ಹಾಕಿಸಿದ ಕಾಲನಿಗಳಿವೆ. ಆ ನೀರು ಹೋಗಿ ಕೆಳಗಿನ ತಗಡಿನ ಮನೆಗಳಲ್ಲಿ ನಿಂತಿತು. ಅದನ್ನು ಸುಧಾರಣೆ ಎಂದು ನಾನು ಒಪ್ಪುವುದಿಲ್ಲ. ನೀರನ್ನು ಕೆಳಗೆ ತಳ್ಳುವ ಮೊದಲು ನಮ್ಮ ನೆಲದಲ್ಲೇ ಇಂಗಿಸಲು ನೋಡಬೇಕು. ಮಳೆನೀರು ಇಂಗಿಸಬೇಕೆನ್ನುವ 2002ರ ವಾಲ್ಟಾ ಕಾಯಿದೆ ಇದ್ದೂ ಎಷ್ಟೋ ಅಪಾರ್ಟ್‌ಮೆಂಟುಗಳ ಇಂಗುಗುಂಡಿ ಹೂಳು ತುಂಬಿ ಕೂತಿದೆ. ಏಪ್ರಿಲ್‌ನಲ್ಲಿ ಆ ಹೂಳನ್ನು ಒಮ್ಮೆ ಎತ್ತಿಸಿದರೆ ಮುಂದಿನ ಬೇಸಿಗೆಯಲ್ಲಿ ಟ್ಯಾಂಕರಿಗೆ ಕೊಡುವ ದುಡ್ಡೂ ಕಡಿಮೆಯಾಗುತ್ತದೆ.

ಇನ್ನು ಕಾಗದಪತ್ರ. ನಿಜಾಮರ ಕಾಲದಲ್ಲಿ ಸಂಘಗಳಿಗೆ ಫಸಲಿ 1350ರ ಕಾಯಿದೆ ಇತ್ತು. ಈಗ ನಡೆಯುವುದು 2001ರ ಸೊಸೈಟಿ ಕಾಯಿದೆ. ಏಳು ಜನ ಸೇರಿದರೆ ನೋಂದಣಿ ಆಗುತ್ತದೆ. ನೋಂದಣಿ ಸುಲಭ, ಉಳಿಸಿಕೊಳ್ಳುವುದು ಕಷ್ಟ. ಪ್ರತಿ ವರ್ಷ ಸಾಮಾನ್ಯ ಸಭೆ ಕರೆದು, ಹೊಸ ಪದಾಧಿಕಾರಿಗಳ ಪಟ್ಟಿಯನ್ನೂ ಲೆಕ್ಕವನ್ನೂ ರಿಜಿಸ್ಟ್ರಾರರಿಗೆ ಕೊಡಬೇಕು. ಇದನ್ನು ಬಿಟ್ಟ ಸಂಘಗಳೇ ಹೆಚ್ಚು. ಕೊನೆಗೆ ಪಾರ್ಕಿನ ಜಾಗಕ್ಕೆ ಯಾರೋ ಬೇಲಿ ಹಾಕಿದಾಗ, ಕೋರ್ಟಿನಲ್ಲಿ ಎದುರಿನವನ ವಕೀಲ ಕೇಳುವ ಮೊದಲ ಪ್ರಶ್ನೆಯೇ ನೀವು ಯಾರು ಎಂಬುದು. ಲೇಔಟಿನ ಮಂಜೂರಾದ ನಕ್ಷೆಯ ಪ್ರಮಾಣಿತ ಪ್ರತಿ ಕೈಯಲ್ಲಿರಲಿ. ಇಲ್ಲದಿದ್ದರೆ ಮಾಹಿತಿ ಹಕ್ಕಿನಡಿ ಹತ್ತು ರೂಪಾಯಿ ಕಟ್ಟಿ ಅರ್ಜಿ ಹಾಕು, ಮೂವತ್ತು ದಿನದಲ್ಲಿ ಉತ್ತರ ಬರಬೇಕು. ಕಾಗದದ ಬಲ ಏನೆಂಬುದು ನಮ್ಮ ಪಕ್ಕದಲ್ಲೇ ಕಾಣುತ್ತದೆ. ಅಂಬರ್‌ಪೇಟೆಯ ಬತುಕಮ್ಮ ಕುಂಟೆ ಕಸ, ಮಣ್ಣು ತುಂಬಿ ಪೊದೆ ಬೆಳೆದ ಬಯಲಾಗಿತ್ತು. ಹಳೆಯ ಸರ್ವೆಯಲ್ಲಿ ಹದಿನಾಲ್ಕು ಎಕರೆ ಇದ್ದದ್ದು ಐದು ಎಕರೆ ಚಿಲ್ಲರೆಗೆ ಇಳಿದಿತ್ತು. ಆ ಸರ್ವೆಯ ದಾಖಲೆ ಇತ್ತೆಂದೇ ಅಲ್ಲಿ ಕೆರೆ ಇತ್ತೆಂದು ಹೇಳಲು ಸಾಧ್ಯವಾಯಿತು. 2025ರಲ್ಲಿ ಸರ್ಕಾರದ ಹೈಡ್ರಾ ಸಂಸ್ಥೆ ಅದನ್ನು ಅಗೆಸಿ ಮತ್ತೆ ನೀರು ನಿಲ್ಲಿಸಿತು.

ಹಬ್ಬಗಳ ವಿಷಯಕ್ಕೆ ಬರುತ್ತೇನೆ. ನಿಮ್ಮ ಹುರುಪೆಲ್ಲ ಅಲ್ಲೇ ಇದೆಯೆಂದು ಗೊತ್ತು, ಇರಲೂಬೇಕು. ಆಷಾಢದ ಬೋನಾಲು, ಭಾದ್ರಪದದ ಗಣಪತಿ, ದಸರೆಯ ಬತುಕಮ್ಮ ಇಲ್ಲದಿದ್ದರೆ ಎದುರು ಮನೆಯವರ ಹೆಸರೂ ಗೊತ್ತಾಗದ ಕಾಲ ಇದು. ಗಣಪತಿಯ ಚಂದಾ ಎತ್ತುವಾಗ ಮನೆ ಮನೆ ಹತ್ತುತ್ತೀರಲ್ಲ, ಆಗಲೇ ಒಂಟಿಯಾಗಿರುವ ವೃದ್ಧರು ಯಾರು, ಯಾರ ಮನೆಯ ನಲ್ಲಿಗೆ ನೀರು ಸರಿಯಾಗಿ ಬರುತ್ತಿಲ್ಲ, ಕೇಳಿ ಬರೆದುಕೊಳ್ಳಿ. ಬಾಲಾಪುರದ ಗಣಪತಿಯ ಲಡ್ಡು ಹರಾಜು 1994ರಲ್ಲಿ 450 ರೂಪಾಯಿಗೆ ಶುರುವಾದದ್ದು, 2024ರಲ್ಲಿ ಮೂವತ್ತು ಲಕ್ಷ ದಾಟಿತು. ಜನ ಆ ಮೊತ್ತ ನೋಡಿ ಬೆರಗಾಗುತ್ತಾರೆ. ನಾನು ಮೆಚ್ಚುವುದು ಬೇರೆ: ಆ ಹಣ ಊರಿನ ಕೆಲಸಕ್ಕೆ ಹೋಗುವ ಪದ್ಧತಿ ಅಲ್ಲಿ ಉಳಿದುಬಂದಿದೆ. ನಿಮ್ಮ ಲಡ್ಡುವಿಗೆ ಎಷ್ಟೇ ಬರಲಿ, ಡಿಜೆಗೆ ಎಷ್ಟು, ಚರಂಡಿಗೆ ಎಷ್ಟು ಎಂಬುದನ್ನು ಹರಾಜಿಗೆ ಮುಂಚೆಯೇ ಠರಾವು ಮಾಡಿ. ನಿಮಜ್ಜನ ಮುಗಿದ ವಾರದೊಳಗೆ ಜಮಾ ಖರ್ಚನ್ನು ಗೇಟಿನ ಪಕ್ಕ ಅಂಟಿಸಿ. ಹೂವಿನವನಿಗೆ ಕೊಟ್ಟ ಇನ್ನೂರು ರೂಪಾಯಿಯೂ ಅದರಲ್ಲಿರಲಿ. ಲೆಕ್ಕ ತೋರಿಸಿದ ಕಮಿಟಿಗೆ ಮುಂದಿನ ವರ್ಷ ಚಂದಾ ಕೇಳುವ ಪ್ರಮೇಯವೇ ಬರುವುದಿಲ್ಲ, ತಾವಾಗಿ ತಂದುಕೊಡುತ್ತಾರೆ.

ಸಿಸಿ ಕ್ಯಾಮೆರಾಕ್ಕೆ ದುಡ್ಡು ಕೇಳು, ಸಂಜೆಯೊಳಗೆ ಕೂಡುತ್ತದೆ. ನಾಲಾದ ಹೂಳಿಗೆ ಕೇಳು, ಅದು ಕಾರ್ಪೊರೇಷನ್ನಿನ ಕೆಲಸವಲ್ಲವೇ ಎನ್ನುತ್ತಾರೆ. ಮಾತು ಸುಳ್ಳಲ್ಲ. ಹೂಳೆತ್ತುವುದು ಅವರದೇ ಕೆಲಸ, ನಾವು ದುಡ್ಡು ಹಾಕಬಾರದು. ಎತ್ತಿದ ಹೂಳನ್ನು ದಂಡೆಯ ಮೇಲೇ ಬಿಟ್ಟುಹೋಗದಂತೆ ನಿಂತು ನೋಡುವುದು ನಮ್ಮ ಕೆಲಸ. ಒಂದು ಮಳೆಗೆ ಅದೆಲ್ಲ ಮತ್ತೆ ಒಳಗೇ ಇಳಿಯುವುದನ್ನು ಎಷ್ಟು ವರ್ಷ ನೋಡಿದ್ದೇವೆ! ಲಾರಿ ಬಂದು ಹೂಳು ಹೊತ್ತೊಯ್ಯುವ ತನಕ ಕೆಲಸ ಮುಗಿಯಿತೆಂಬ ಕಾಗದಕ್ಕೆ ಸಹಿ ಹಾಕಬೇಡ.

ನಿಮ್ಮ ಬೈಲಾದಲ್ಲಿ ಮನೆ ಮಾಲೀಕರಿಗಷ್ಟೇ ಸದಸ್ಯತ್ವ ಎಂದಿದ್ದರೆ ಅದನ್ನು ತಿದ್ದಿಸು. ಇದಕ್ಕೆ ವಿರೋಧ ಬರುತ್ತದೆ, ಹಿರಿಯರಿಂದಲೇ ಬರುತ್ತದೆ. ಬಾಡಿಗೆಯವರು ಇವತ್ತಿದ್ದು ನಾಳೆ ಹೋಗುವವರು ಎಂಬ ಮಾತು ಕೇಳಿಸುತ್ತದೆ. ಆದರೆ ಮಾಲೀಕರಲ್ಲಿ ಎಷ್ಟೋ ಜನ ಅಮೆರಿಕದಲ್ಲಿದ್ದಾರೆ, ಇಲ್ಲಿನ ನೀರು ಕುಡಿದು ಇಲ್ಲಿನ ಕೆಸರು ತುಳಿಯುವವರು ಬಾಡಿಗೆಯವರೇ. ವಾಚ್‌ಮನ್‌ಗಳು, ಮನೆಗೆಲಸದವರು, ಇಸ್ತ್ರಿಯವರು ಸೇರಿ ತಮ್ಮಲ್ಲೇ ಇಬ್ಬರನ್ನು ಆರಿಸಿ ಸಭೆಗೆ ಕಳಿಸಲಿ. ಅವರಿಗೂ ಕುರ್ಚಿ ಹಾಕಿಸು, ಹಿಂದೆ ನಿಲ್ಲಿಸಬೇಡ. ನೋಟೀಸು ಇಂಗ್ಲಿಷಿನಲ್ಲಿ ಬರೆದು ವಾಟ್ಸ್ಯಾಪಿಗೆ ಹಾಕಿದರೆ ಅರ್ಧ ಕಾಲನಿಗೆ ತಲುಪುವುದಿಲ್ಲ. ತೆಲುಗಿನಲ್ಲಿ ಬರೆಸು, ಉರ್ದುವಿನಲ್ಲಿ ಬರೆಸು. ರಾಯಚೂರು, ಯಾದಗಿರಿ ಕಡೆಯ ವಾಚ್‌ಮನ್ ಸಂಸಾರಗಳಿಗೆ ನೀನೇ ಹೋಗಿ ನಮ್ಮ ಮಾತಿನಲ್ಲಿ ಹೇಳು. ಕಾಚಿಗುಡದ ಕನ್ನಡ ಶಾಲೆ, ಸಾಹಿತ್ಯ ಮಂದಿರದ ಕಾರ್ಯಕ್ರಮಗಳಿಗೆ ನಾವು ಹೋಗಿ ಚಪ್ಪಾಳೆ ತಟ್ಟುತ್ತೇವೆ. ಸೆಲ್ಲಾರಿನಲ್ಲಿರುವ ಕನ್ನಡಿಗನ ಮಗು ಶಾಲೆಗೆ ಹೋಗುತ್ತಿದೆಯೇ ಎಂದು ವಿಚಾರಿಸುವುದೂ ಆ ಅಭಿಮಾನದೊಳಗೇ ಬರಬೇಕು.

ನಿಮ್ಮ ವಯಸ್ಸಿನವರು ಎಷ್ಟು ಮಾಡಬಲ್ಲಿರೆಂದು 2021ರಲ್ಲಿ ನೋಡಿದ್ದೇನೆ. ಆ ಜನವರಿಯಲ್ಲಿ ತಿಂಗಳಿಗೆ 20,000 ಲೀಟರ್ ಉಚಿತ ನೀರಿನ ಯೋಜನೆ ಬಂತು. ಜಲಮಂಡಳಿಯ ಕನೆಕ್ಷನ್ನಿಗೆ ಆಧಾರ್ ಜೋಡಿಸಬೇಕಿತ್ತು, ಬಸ್ತಿಗಳ ಹೊರಗೆ ಮೀಟರೂ ಬೇಕಿತ್ತು. ಒಟಿಪಿ ಎಂದರೆ ಹೆದರುವ ಮುದುಕರು, ಫೋನೇ ಇಲ್ಲದ ಮನೆಗಳು. ನಾಲ್ಕು ಹುಡುಗರು ಕಮ್ಯುನಿಟಿ ಹಾಲಿನಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕುಳಿತರು, ನಾಲಾ ಬಸ್ತಿಯವರನ್ನೂ ಕರೆದು ಮಾಡಿಕೊಟ್ಟರು. ನಾವು ಅರ್ಜಿ ಹಿಡಿದು ತಿಂಗಳುಗಟ್ಟಲೆ ತಿರುಗುತ್ತಿದ್ದ ಕೆಲಸ ಅದು.

ರಾಜಕೀಯದವರು ಬರುತ್ತಾರೆ. ಎಲ್ಲ ಪಕ್ಷದ ಅಭ್ಯರ್ಥಿಗಳನ್ನೂ ಒಂದೇ ವೇದಿಕೆಗೆ ಕರೆದು, ಎಲ್ಲರ ಮುಂದೆಯೂ ಅದೇ ಬೇಡಿಕೆ ಪಟ್ಟಿ ಇಡು. ಅಸೋಸಿಯೇಷನ್ನಿನ ಲೆಟರ್‌ಹೆಡ್ಡಿನಲ್ಲಿ ಯಾರಿಗೂ ಬೆಂಬಲ ಬರೆಯಬೇಡ, ಯಾರು ಎಷ್ಟೇ ಒತ್ತಾಯ ಮಾಡಲಿ. ಅಧಿಕಾರಿಗಳ ಮೇಲೆ ರೇಗುವುದೂ ಬೇಡ. ಸೋಮವಾರ ನಡೆಯುವ ಪ್ರಜಾವಾಣಿ ಅಹವಾಲು ಸಭೆಗೆ ಹೋಗು. ಅರ್ಜಿಯ ಎರಡು ಪ್ರತಿ ಒಯ್ದು ಒಂದರ ಮೇಲೆ ಮೊಹರು ಹಾಕಿಸಿಕೊಂಡು ಬಾ. ಮೂರು ವಾರವಾದರೂ ಸುದ್ದಿ ಇಲ್ಲದಿದ್ದರೆ ಅದೇ ಪ್ರತಿ ಹಿಡಿದು ಮತ್ತೆ ಹೋಗು.

ಹಳೆಯ ಕಡತಗಳು ನನ್ನ ಬೀರುವಿನಲ್ಲಿವೆ. ನೋಂದಣಿ ಪತ್ರ, ಲೇಔಟ್ ನಕ್ಷೆ, ಪಾರ್ಕಿನ ಕೇಸಿನ ಆದೇಶ ಎಲ್ಲ ಅದರಲ್ಲಿವೆ. ಈ ಭಾನುವಾರ ಬೆಳಿಗ್ಗೆ ಬಂದು ತೆಗೆದುಕೊಂಡು ಹೋಗು. ಬರುವಾಗ ನಿಮ್ಮ ಖಜಾಂಚಿಯನ್ನೂ ಕರೆದುಕೊಂಡು ಬಾ, ಪಾಸ್‌ಬುಕ್ಕಿನ ಸಹಿ ಬದಲಾಯಿಸುವ ಕಾಗದ ತುಂಬುವುದಿದೆ.